ಗಟ್ಟಿ ಮಾತಿನ ಯಂತ್ರ

ಹಿರಿಯ ಗಿಟಾರ್ ವಾದಕ ಮೆಲ್ವಿನ್ ರೋಸಾರಿಯೊ ತಮ್ಮ ಮೊದಲ ಗಿಟಾರನ್ನು ಚಿಕ್ಕಪ್ಪ ಕೊಡಿಸಿದ್ದು ಎಂದು ಹೇಳಿ ಬಾಯಿ ಮುಚ್ಚುವುದಕ್ಕೂ, ಮೈಕಿನ ಪಕ್ಕದಲ್ಲಿದ್ದ ಬೂದು ಬಣ್ಣದ ಪೆಟ್ಟಿಗೆ ನಯವಾದ ಹೆಣ್ಣುದನಿಯಲ್ಲಿ "ಜಾಳು" ಎನ್ನುವುದಕ್ಕೂ ಸರಿಹೋಯಿತು.

"ಅಯ್ಯೋ ಸರ್!" ಎಂದು ನಿರೂಪಕಿ ನಿಹಾರಿಕಾ ಕಿಲಕಿಲ ನಕ್ಕಳು. "ಇಪ್ಪತ್ತು ವರ್ಷದ ಹಿಂದೆ ಇದೇ ಸ್ಟುಡಿಯೋದಲ್ಲಿ ಕೂತು ಚಿಕ್ಕಮ್ಮ ಕೊಡ್ಸಿದ್ದು ಅಂದಿದ್ರಲ್ಲ. ನಿಜವಾಗ್ಲೂ ಯಾರು ಸರ್ ಕೊಡ್ಸಿದ್ದು?"

"ಇಬ್ರೂ ಸೇರಿ ಕೊಡ್ಸಿದ್ದಮ್ಮ," ಎಂದರು ಮೆಲ್ವಿನ್. "ಅವರಿಬ್ರೂ ಗಂಡ ಹೆಂಡ್ತಿ."

"ಜಾಳು" ಎಂದಿತು ಪೆಟ್ಟಿಗೆ.

ರಾಜ್ಯದುದ್ದಕ್ಕೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಂಟೋನ್ಮೆಂಟ್ ಬಾನುಲಿಯ 'ಊದಿದವರ ಬಾಳು' ಎಂಬ ಸಂದರ್ಶನ ಮಾಲೆಯನ್ನು ಅಲ್ಲಿಯವರೆಗೆ ಕೇಳುತ್ತಿದ್ದವರು ಜಾಝ್ ಸಂಗೀತದ ಹುಚ್ಚಿದ್ದ ನಾಲ್ಕು ಮಂದಿ ಮತ್ತು ಸಂದರ್ಶನ ಕೊಟ್ಟವರ ನೆಂಟರಿಷ್ಟರು. ಪೆಟ್ಟಿಗೆ ಬಂದ ಮೇಲೆ ಅದು ಮನೆಮನೆಯ ಮಾತಾಯಿತು. ಎಪ್ಪತ್ತು ದಾಟಿದ ಮನುಷ್ಯನೊಬ್ಬ ತನ್ನ ಬಾಳಿನ ಕತೆ ಹೇಳುತ್ತ ಹೇಳುತ್ತ ಎಡವಿ ಬೀಳುವುದನ್ನು ಕೇಳಲು ಯಾರಿಗೂ ಸಂಗೀತ ಗೊತ್ತಿರಬೇಕಾಗಿಲ್ಲವಲ್ಲ.

ಪೆಟ್ಟಿಗೆಯ ಹೆಸರು 'ನಿಶ್ಚಯ'. ಅದನ್ನು ಕಂಡುಹಿಡಿದವನು ಡಾ. ಪ್ರಣೀತ್ ಹೊಸಕೆರೆ ಎಂಬ ಧ್ವನಿವಿಜ್ಞಾನಿ. ಅವನ ಸಿದ್ಧಾಂತ ಶಾಲೆಯ ಗೋಡೆಯ ಮೇಲೆ ಬರೆಯುವಷ್ಟು ಸರಳವಾಗಿತ್ತು: ನಡೆದದ್ದು ಒಂದೇ, ಆದ್ದರಿಂದ ಅದನ್ನು ಹೇಳುವ ಮಾತೂ ಒಂದೇ ಇರಬೇಕು. ಸುಳ್ಳುಗಾರ ನಿನ್ನೆ ಏನು ಹೇಳಿದ್ದೆನೆಂಬುದನ್ನು ಮರೆಯುತ್ತಾನೆ, ಹಾಗಾಗಿ ಅವನ ಮಾತು ಬದಲಾಗುತ್ತದೆ. ಒಬ್ಬ ಮನುಷ್ಯ ಒಂದು ಘಟನೆಯ ಬಗ್ಗೆ ಯಾವ ಯಾವ ಕಾಲದಲ್ಲಿ ಏನೇನು ಹೇಳಿದ್ದಾನೋ ಆ ಎಲ್ಲ ಧ್ವನಿಮುದ್ರಣಗಳನ್ನೂ ಯಂತ್ರ ಒಟ್ಟಿಗೆ ಕೇಳುತ್ತಿತ್ತು. ಪದಗಳನ್ನಷ್ಟೇ ಅಲ್ಲ, ಎಲ್ಲಿ ಉಸಿರು ತೆಗೆದುಕೊಂಡ, ಎಲ್ಲಿ ತಡವರಿಸಿದ ಎಂಬುದನ್ನೂ ಹೋಲಿಸುತ್ತಿತ್ತು. ಹೊಂದಿದರೆ 'ಗಟ್ಟಿ', ಹೊಂದದಿದ್ದರೆ 'ಜಾಳು'.

ವಿಮೆಯ ಕಳ್ಳರನ್ನೂ ಕೋರ್ಟಿನ ಬಾಡಿಗೆ ಸಾಕ್ಷಿಗಳನ್ನೂ ಅದು ಹಿಡಿದುಕೊಟ್ಟಾಗ ದೇಶ ಪ್ರಣೀತನನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ನ್ಯಾಯಾಲಯಗಳು ಯಂತ್ರವನ್ನು ಕೊಂಡವು. ಮದುವೆಯ ದಳ್ಳಾಳಿಗಳು ಕೊಂಡರು. ಗಂಡ ಹೆಂಡತಿ ಬಾಡಿಗೆಗೆ ತಂದು ಮನೆಯಲ್ಲಿಟ್ಟುಕೊಂಡು ಒಬ್ಬರನ್ನೊಬ್ಬರು ಪರೀಕ್ಷಿಸಿದರು. ರಾಜಕಾರಣಿಗಳು ಮೊದಲು ಹೆದರಿದರು. ಆಮೇಲೆ ನೋಡಿದರೆ ಅವರೆಲ್ಲರೂ ಗಟ್ಟಿ! ಮೂವತ್ತು ವರ್ಷ ಒಂದೇ ಭಾಷಣವನ್ನು ಒಂದೇ ಕೆಮ್ಮಿನ ಸಮೇತ ಒಪ್ಪಿಸಿದವರ ಮಾತು ಗಟ್ಟಿಯಾಗದೆ ಇನ್ನೇನಾದೀತು? ಈ ಫಲಿತಾಂಶ ಕಂಡಾಗಲೇ ಯಾರಾದರೂ ಒಬ್ಬರು ತಲೆ ಕೆರೆದುಕೊಳ್ಳಬೇಕಿತ್ತು. ಯಾರೂ ಕೆರೆದುಕೊಳ್ಳಲಿಲ್ಲ. ತಲೆ ಇದ್ದವರಿಗೆ ಕೈ ಬಿಡುವಿರಲಿಲ್ಲ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಬಾನುಲಿಯವರು ಈ ಯಂತ್ರವನ್ನು ಜಾಝ್ ವಾದಕರ ಮೇಲೆ ಬಿಟ್ಟದ್ದಕ್ಕೆ ಕಾರಣವಿತ್ತು. ಅವರ ಭಂಡಾರದಲ್ಲಿ ಬೆಂಗಳೂರಿನ ಜಾಝ್ ಮಂದಿಯ ಅರ್ಧ ಶತಮಾನದ ಸಂದರ್ಶನಗಳು ರಾಶಿ ಬಿದ್ದಿದ್ದವು. ಒಬ್ಬೊಬ್ಬರೂ ಹತ್ತಾರು ಸಲ ಮಾತಾಡಿದ್ದರು. ಅದನ್ನೆಲ್ಲ 'ಶುದ್ಧೀಕರಿಸಿ', ಪ್ರತಿಯೊಬ್ಬರ ಬಾಳಿಗೂ ಒಂದೊಂದು ಗಟ್ಟಿ ಕತೆಯನ್ನು ಉಳಿಸಿ, ಜಾಳನ್ನು ಅಳಿಸಿಬಿಡಬೇಕೆಂದು ನಿಹಾರಿಕಾ ಯೋಜನೆ ಹಾಕಿದ್ದಳು. ಸಂದರ್ಶನ ಎಂದರೆ ಕಸ ಗುಡಿಸುವುದು ಎಂದುಕೊಂಡಿದ್ದ ಹೆಂಗಸು ಅವಳು. ಬಡ್ತಿಯೂ ಸಿಕ್ಕಿತು.

ಜಾಝ್ ಎಂದರೇನೆಂದು ಅವಳಿಗಾಗಲಿ ಪ್ರಣೀತನಿಗಾಗಲಿ ಯಾರೂ ಹೇಳಿರಲಿಲ್ಲ, ಅವರು ಕೇಳಿಯೂ ಇರಲಿಲ್ಲ. ಆ ಸಂಗೀತದಲ್ಲಿ ಹಾಡಿನ ಎಲುಬು ಮಾತ್ರ ಮೊದಲೇ ಇರುತ್ತದೆ, ಮಾಂಸ ಪ್ರತಿ ಸಲವೂ ಹೊಸದು. ನಿನ್ನೆ ನುಡಿಸಿದ್ದನ್ನೇ ಇವತ್ತು ನುಡಿಸುವವನಿಗೆ ಅಲ್ಲಿ ಮರ್ಯಾದೆ ಇಲ್ಲ. ಐರೀನ್ ಸಾಲಿನ್ಸ್ ಎಂಬ ವಾದಕಿ ಹರೆಯದಲ್ಲಿ ಸ್ಯಾಕ್ಸಫೋನ್ ಊದುತ್ತಿದ್ದ ತಂಡದಲ್ಲಂತೂ ಒಂದು ಪದ್ಧತಿಯೇ ಇತ್ತು. ಯಾರಾದರೂ ಹಿಂದಿನ ಕಛೇರಿಯ ಸ್ವರಗಳನ್ನು ಮತ್ತೆ ಊದಿದರೆ ಉಳಿದವರು ವೇದಿಕೆಯ ಮೇಲೆಯೇ "ತಂಗಳು!" ಎಂದು ಕೂಗುತ್ತಿದ್ದರು. ಕೂಗಿಸಿಕೊಂಡವನು ಆ ಹಾಡು ಮುಗಿಯುವ ತನಕ ವಾದ್ಯ ಕೆಳಗಿಟ್ಟು ನಿಲ್ಲಬೇಕು. ಇಂಥವರನ್ನು ಕರೆದು ಕೂರಿಸಿ, ನಿಮ್ಮ ಬಾಳನ್ನು ಪ್ರತಿ ಸಲ ಒಂದೇ ಥರ ಯಾಕೆ ಹೇಳಲಿಲ್ಲ ಎಂದು ಕೇಳಲು ವಿಜ್ಞಾನಿಯೇ ಬೇಕು.

ಐರೀನ್ ಮಂಗಳೂರಿನವರು. ಚರ್ಚಿನ ಗಾಯನವೃಂದದಿಂದ ಬೆಂಗಳೂರಿನ ಕ್ಲಬ್ಬುಗಳಿಗೆ ಬಂದು, ಈಗ ಎಪ್ಪತ್ತೈದರ ಹತ್ತಿರದ ವಯಸ್ಸಿನಲ್ಲಿ ಕಾಕ್ಸ್ ಟೌನಿನ ಫ್ಲ್ಯಾಟಿನಲ್ಲಿ ಮಕ್ಕಳಿಗೆ ವಾದ್ಯ ಕಲಿಸಿಕೊಂಡಿದ್ದರು. ಅವರು ಬಾನುಲಿಗೆ ಮತ್ತೆ ಬರಲು ಒಪ್ಪಿದ್ದು ತಮ್ಮ ಕತೆ ಹೇಳಿಕೊಳ್ಳಲಿಕ್ಕಲ್ಲ, 'ಮಾರಿಕುಪ್ಪಂ ಪ್ಯಾಸೆಂಜರ್' ಎಂಬ ಒಂದು ರಚನೆಗಾಗಿ. ಆ ಧಾಟಿಯನ್ನು ಈಗ ಶಾಲೆಯ ಬ್ಯಾಂಡಿನಿಂದ ಮದುವೆಯ ಬ್ಯಾಂಡಿನವರೆಗೆ ಎಲ್ಲರೂ ನುಡಿಸುತ್ತಾರೆ. ಎಲ್ಲ ಕಡೆಯೂ ರಚನಕಾರನೆಂದು ಇರುವ ಹೆಸರು ತಂಡದ ಮುಖ್ಯಸ್ಥ, ಪಿಯಾನೊ ವಾದಕ ರೂಬೆನ್ ಕ್ಯಾಸ್ಟಲಿನೊನದು.

ಅದನ್ನು ಮಾಡಿದವನು ರೂಬೆನ್ ಅಲ್ಲ, ಜ್ಞಾನಪ್ರಕಾಶ. ಮಾರಿಕುಪ್ಪಂ ಗಾಡಿ ಹೊರಡುವ ಕೋಲಾರದ ಚಿನ್ನದ ಗಣಿಯ ಊರಿನವನು, ಸಾವಿಗೂ ಮದುವೆಗೂ ಬಾರಿಸುವ ಬ್ಯಾಂಡ್ ಸೆಟ್ಟಿನಲ್ಲಿ ಬೆಳೆದವನು, ಮುಂದೆ ಹಿಂದೆ ಎಳೆದು ಊದುವ ಟ್ರಾಂಬೋನ್ ಎಂಬ ಉದ್ದನೆಯ ಹಿತ್ತಾಳೆ ವಾದ್ಯದಲ್ಲಿ ಎತ್ತಿದ ಕೈ. ಮಗಳು ಸೆಲಿನ್ ಹುಟ್ಟಿದ ವರ್ಷವೇ ಜ್ವರದಲ್ಲಿ ತೀರಿಕೊಂಡ. ಸತ್ತವನ ಧಾಟಿಯನ್ನು ರೂಬೆನ್ ತಣ್ಣಗೆ ತನ್ನ ಹೆಸರಿಗೆ ಬರೆದುಕೊಂಡ. ಆಗ ಸಾಕ್ಷಿಯಾಗಿ ಉಳಿದವರು ಐರೀನ್ ಒಬ್ಬರೇ. ಮೂವತ್ತೈದು ವರ್ಷಗಳಿಂದ ಸಿಕ್ಕ ಸಿಕ್ಕ ಸಂದರ್ಶನದಲ್ಲೆಲ್ಲ ಅದನ್ನೇ ಹೇಳುತ್ತ ಬಂದಿದ್ದರು. ಈ ಸಲ ಶುದ್ಧೀಕರಣ ಮುಗಿದು ಭಂಡಾರ ಶಾಶ್ವತವಾಗಿ ಮುಚ್ಚುವುದರೊಳಗೆ ಅವನ ಹೆಸರು ಸೇರದಿದ್ದರೆ ಇನ್ನು ಎಂದೂ ಸೇರುವುದಿಲ್ಲ. ಅದೇ ಗಣಿಯೂರಿನ ರಾಬರ್ಟ್‌ಸನ್ ಪೇಟೆಯ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಸೆಲಿನ್ ಆ ಸಂದರ್ಶನದ ದಿನ ರಜೆ ಹಾಕಿ ರೇಡಿಯೋ ಮುಂದೆ ಕೂತಿದ್ದಳು.

ನಿಹಾರಿಕಾ ಮೊದಲು ತೀರಿಹೋದ ರೂಬೆನ್‌ನ ಹಳೆಯ ಧ್ವನಿ ಹಾಕಿದಳು. ಕುಕ್ ಟೌನಿನ ಮನೆಯ ಕಿಟಕಿ, ಸಂಜೆ, ದೂರದಲ್ಲಿ ರೈಲಿನ ಕೂಗು, ಕೈಗಳು ತಾವಾಗಿಯೇ ಪಿಯಾನೊ ಮೇಲೆ ಇಳಿದದ್ದು. ಹದಿನಾರು ಸಂದರ್ಶನಗಳಲ್ಲಿ ಅವನು ಇದನ್ನು ಹೇಳಿದ್ದ. ಹದಿನಾರರಲ್ಲೂ ರೈಲು ಅದೇ ಜಾಗದಲ್ಲಿ ಕೂಗಿತ್ತು, ಅವನು ಅದೇ ಜಾಗದಲ್ಲಿ ನಿಟ್ಟುಸಿರು ಬಿಟ್ಟಿದ್ದ.

"ಗಟ್ಟಿ" ಎಂದಿತು ಪೆಟ್ಟಿಗೆ.

ಆಮೇಲೆ ಐರೀನ್ ಮಾತಾಡಿದರು. ಜ್ಞಾನಪ್ರಕಾಶ ಅವರ ಬಾಯಲ್ಲಿ ಯಾವಾಗಲೂ ಬರೀ 'ಜ್ಞಾನಿ'. ಅಡುಗೆಮನೆಯಲ್ಲಿ ತಾವು ಬಂಗುಡೆ ಮೀನು ಕಾಯಿಸುತ್ತಿದ್ದಾಗ ಜ್ಞಾನಿ ಬಾಗಿಲಲ್ಲಿ ನಿಂತು ಕುಕ್ಕರಿನ ಸೀಟಿಗೆ ಸರಿಯಾಗಿ ಒಂದು ಮೇಲಿನ ಸ್ವರ ಊದಿದ್ದು, ಅದೇ ಆ ಧಾಟಿಯ ಮೂರನೆಯ ಸಾಲಾದದ್ದು. ಹೇಳುತ್ತ ಹೇಳುತ್ತ ಅವರಿಗೇ ನಗು ಬಂತು.

"ಜಾಳು" ಎಂದಿತು ಪೆಟ್ಟಿಗೆ. "ಹಿಂದಿನ ಹೇಳಿಕೆಗಳು: ರೈಲು. ಸಾವಿನ ಮನೆ. ಹೊಂದಾಣಿಕೆ ಇಲ್ಲ."

ಕೇಳುಗರ ನಗುವಿನ ಸುರಿಮಳೆ ಶುರುವಾಯಿತು. ಮುದುಕಿಗೆ ಅರಳುಮರಳು ಎಂದರು. ಇನ್ನೊಬ್ಬರ ಹೆಸರು ಕೆಡಿಸಲು ಬಂದವಳು ಎಂದರು. ಧಾಟಿಯ ಮೊದಲ ಸಾಲನ್ನು ಶಿಳ್ಳೆ ಹಾಕಲೂ ಬಾರದವರು ತೀರ್ಪು ಬರೆದು ಕಳಿಸಿದರು. ಸೆಲಿನ್ ಫೋನ್ ಮಾಡಿ, "ಬಿಡಿ ಆಂಟಿ, ನಿಮಗ್ಯಾಕೆ ಈ ವಯಸ್ಸಲ್ಲಿ ಅವಮಾನ? ಅಪ್ಪ ಮಾಡಿದ್ದು ಅಂತ ನಮಗೆ ಗೊತ್ತಲ್ಲ, ಸಾಕು," ಎಂದಳು. ಸಾಕು ಎನ್ನುವಾಗ ಅವಳ ದನಿ ಒಡೆದಿತ್ತು. ಐರೀನ್ ಫೋನಿಟ್ಟು ನೇರವಾಗಿ ಬಾನುಲಿಯ ಕ್ಯಾಂಟೀನಿಗೆ ಹೋದರು. ಅಲ್ಲಿ ಪ್ರಣೀತ್ ಅಭಿಮಾನಿಗಳ ನಡುವೆ ಇಡ್ಲಿ ತಿನ್ನುತ್ತಿದ್ದ.

"ಡಾಕ್ಟ್ರೇ, ನಿಮ್ಮತ್ರ ಸ್ವಲ್ಪ ಮಾತಾಡ್ಲಿಕ್ಕೆ ಉಂಟು," ಎಂದರು ಐರೀನ್, ಅವನೆದುರಿನ ಕುರ್ಚಿ ಎಳೆದುಕೊಂಡು. "ನಿಮ್ಮ ಪೆಟ್ಟಿಗೆ ನನ್ನನ್ನು ಸುಳ್ಳಿ ಅಂತ ಹೇಳಿತು."

"ಹಾಗಲ್ಲ ಮೇಡಂ. ಜಾಳು ಅಂದ್ರೆ ಸುಳ್ಳು ಅಂತಲ್ಲ. ಹೇಳಿಕೆ ಸ್ಥಿರವಾಗಿಲ್ಲ ಅಂತ ಅಷ್ಟೆ."

"ಹೊರಗೆ ಹೋಗಿ ಜನರನ್ನು ಕೇಳಿ, ಎಂತ ಅಂತ ಅರ್ಥ ಮಾಡಿದ್ದಾರೆ ಅಂತ. ನೋಡಿ, ಅವ ಅದನ್ನು ಒಂದು ದಿನ ಕೂತು ಮಾಡಿದ್ದಲ್ಲ ಮಾರಾಯ್ರೆ. ಮೊದಲ್ನೇ ಸಾಲು ರೈಲಲ್ಲಿ ಬಂತು. ಗಣಿ ಹತ್ರ ಚಾಂಪಿಯನ್ ರೀಫ್ಸಲ್ಲಿ ಒಂದು ಸಾವಿನ ಮನೆಗೆ ಊದ್ಲಿಕ್ಕೆ ಹೋಗಿದ್ದೆವು, ಅಲ್ಲಿ ನಿಧಾನದ ನಡೆ ಊದ್ತಾ ಊದ್ತಾ ಎರಡ್ನೇ ಸಾಲು ತಿರುಗಿಸಿದ. ನನ್ನ ಅಡುಗೆಮನೆಯಲ್ಲಿ ಮೂರ್ನೇದು. ಒಬ್ಬರು ರೈಲಿನ ಬಗ್ಗೆ ಕೇಳಿದ್ರೆ ನಂಗೆ ರೈಲು ನೆನಪಾಗ್ತದೆ. ಇನ್ನೊಬ್ರು ಊಟದ ಬಗ್ಗೆ ಕೇಳಿದ್ರೆ ಕುಕ್ಕರ್ ನೆನಪಾಗ್ತದೆ. ಎಲ್ಲವೂ ಆದದ್ದೇ."

ಪ್ರಣೀತ್ ಚಮಚ ಕೆಳಗಿಟ್ಟ. ಅವನು ದಡ್ಡನಲ್ಲ, ದಡ್ಡನಾಗಿದ್ದರೆ ಕ್ಷಮಿಸಿಬಿಡಬಹುದಿತ್ತು.

"ರೂಬೆನ್ ಯಾವತ್ತೂ ಬೇರೆ ಥರ ಹೇಳ್ಲೇ ಇಲ್ವಾ?" ಎಂದು ಐರೀನ್ ಕೇಳಿದರು. "ಅವನ ಕೊನೆ ಕಾಲದಲ್ಲಿ ಆಸ್ಪತ್ರೆಗೆ ಹೋಗಿ ರೇಡಿಯೋದವರು ಮಾತಾಡ್ಸಿದ್ರು ಅಂತ ಕೇಳಿದ್ದೆ."

"ಒಂದಿದೆ," ಎಂದ ಪ್ರಣೀತ್, ಸುತ್ತಮುತ್ತ ಕಣ್ಣಾಡಿಸಿ. "ಹದಿನೇಳನೇದು. ಪ್ರಸಾರ ಆಗಿಲ್ಲ. ಅದ್ರಲ್ಲಿ ಅವರು, 'ಆ ಹುಡುಗ ವರಾಂಡದಲ್ಲಿ ನಿಂತು ಊದ್ತಿದ್ದ, ನಾನು ಒಳಗಿಂದ ಕೇಳಿಸ್ಕೊಂಡೆ' ಅಂತಾರೆ. ಆಮೇಲೆ ಅಳ್ತಾರೆ. ಬೇರೆ ಹದಿನಾರರ ಜೊತೆ ಅದು ಹೊಂದಲ್ಲ ಮೇಡಂ. ಯಂತ್ರ ಅದನ್ನ ರೋಗಿಯ ದಣಿವಿನ ಮಾತು ಅಂತ ಬದಿಗಿಟ್ಟಿದೆ."

ಐರೀನ್ ನಡುವೆ ಇದ್ದ ಇಡ್ಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಅಂದ್ರೆ ಅವ ಹದಿನಾರು ಸಲ ಸುಳ್ಳು ಹೇಳಿ ಒಂದು ಸಲ ನಿಜ ಹೇಳಿದ. ನಿಮ್ಮ ಯಂತ್ರ ನಿಜವನ್ನೇ ಹೆಕ್ಕಿ ಬಿಸಾಡಿತು. ನಿಮಗೆ ಇದು ಗೊತ್ತುಂಟು."

"ನನಗೆ ಮೂರು ವರ್ಷದಿಂದ ಅನುಮಾನ ಇದೆ," ಎಂದು ಪ್ರಣೀತ್ ತಗ್ಗಿದ ದನಿಯಲ್ಲಿ ಹೇಳಿದ. "ನೆನಪು ಅನ್ನೋದು ಇಟ್ಟ ಜಾಗದಲ್ಲೇ ಇರೋ ವಸ್ತು ಅಲ್ಲ ಮೇಡಂ. ಪ್ರತಿ ಸಲ ನೆನೆಸ್ಕೊಂಡಾಗಲೂ ಮಿದುಳು ಅದನ್ನ ಮತ್ತೆ ಹೊಸದಾಗಿ ಕಟ್ಟುತ್ತೆ. ಜೀವಂತ ನೆನಪು ಬದಲಾಗ್ತಾ ಇರುತ್ತೆ. ಬದಲಾಗದೇ ಇರೋದು ಬಾಯಿಪಾಠ. ಆದರೆ ಯಂತ್ರ ಈಗ ಕೋರ್ಟುಗಳಲ್ಲಿದೆ. ಅದರ ಮಾತಿನ ಮೇಲೆ ಜನ ಜೈಲಿಗೆ ಹೋಗಿದ್ದಾರೆ. ಈಗ ನಾನು ಹೋಗಿ ತಪ್ಪಾಯ್ತು ಅಂದ್ರೆ ಏನಾಗುತ್ತೆ ಯೋಚನೆ ಮಾಡಿ."

ಏನಾಗುತ್ತಿತ್ತೆಂದರೆ ಅವನ ಮನೆಯ ಷೋಕೇಸಿನಲ್ಲಿದ್ದ ಪದಕಗಳು ವಾಪಸ್ಸು ಹೋಗುತ್ತಿದ್ದವು. ಅದನ್ನು ಅವನು ಹೇಳಲಿಲ್ಲ. ಬದಲಿಗೆ ಮುಂದಕ್ಕೆ ಬಾಗಿ ಉಪಾಯ ಹೇಳಿಕೊಟ್ಟ. ಮೂರನ್ನೂ ಹೇಳಬೇಡಿ, ಒಂದನ್ನು ಆರಿಸಿಕೊಳ್ಳಿ. ಅದನ್ನೇ ಪದ ಬದಲಾಗದಂತೆ, ಉಸಿರು ಬದಲಾಗದಂತೆ, ಬೇರೆ ಬೇರೆ ದಿನ ಹೇಳಿ. ಒಂದೇ ಥರದವು ಸಾಕಷ್ಟಾದರೆ ಯಂತ್ರ ನಿಮ್ಮ ಹಳೆಯ ಹೇಳಿಕೆಗಳನ್ನು ಬದಿಗಿಡುತ್ತದೆ. ನಿಮ್ಮದೂ ಗಟ್ಟಿಯಾದರೆ, ಬದಿಗಿಟ್ಟ ಆ ಹದಿನೇಳನೆಯ ಸಂದರ್ಶನ ನಿಮ್ಮ ಮಾತಿಗೆ ಬೆಂಬಲವಾಗಿ ಸೇರಿಕೊಳ್ಳುತ್ತದೆ. ಆಗ ತಕ್ಕಡಿ ತಾನಾಗಿಯೇ ಜ್ಞಾನಪ್ರಕಾಶನ ಕಡೆ ವಾಲುತ್ತದೆ.

"ನಿಜ ಹೇಳ್ಲಿಕ್ಕೆ ನಾನು ಸುಳ್ಳುಗಾರರ ಹಾಗೆ ಹೇಳ್ಬೇಕು ಅಂತೀರಿ."

"ಬೇರೆಯವರೂ ಮಾಡ್ತಿದ್ದಾರೆ ಮೇಡಂ," ಎಂದ ಪ್ರಣೀತ್.

ಅದೂ ನಿಜವೇ. ಊರ ತುಂಬ 'ಗಟ್ಟಿ ಕ್ಲಾಸು'ಗಳು ಎದ್ದಿದ್ದವು. ಪೆಟ್ಟು ತಿಂದ ಹೆಂಗಸರು ಪೊಲೀಸರ ಮುಂದೆ ಹೋಗುವ ಮೊದಲು ಅಲ್ಲಿ ತಮ್ಮ ಪೆಟ್ಟನ್ನು ಬಾಯಿಪಾಠ ಮಾಡುತ್ತಿದ್ದರು. ಕ್ಲಾಸಿಗೆ ಹೋಗದೆ ಗಾಬರಿಯಲ್ಲಿ ಬಂದು, ನಡೆದದ್ದನ್ನು ಹಿಂದು ಮುಂದಾಗಿ ಹೇಳಿದವರು ಜಾಳೆನ್ನಿಸಿಕೊಂಡು ಮನೆಗೆ ಮರಳುತ್ತಿದ್ದರು. ಇದನ್ನು ನಾಗರಿಕತೆ ಎಂದು ಕರೆಯುತ್ತಿದ್ದರು.

ಐರೀನ್ ಕ್ಲಾಸಿಗೆ ಹೋಗಲಿಲ್ಲ. ಎಳೆಯ ವಯಸ್ಸಿನಲ್ಲಿ ಸ್ವರಾಭ್ಯಾಸ ಮಾಡುತ್ತಿದ್ದಂತೆ ಬೆಳಿಗ್ಗೆ ಎದ್ದು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದರು. ರೈಲಿನ ಕತೆಯನ್ನೇ ಆರಿಸಿಕೊಂಡರು, ರಚನೆಯ ಹೆಸರಿಗೆ ಅದು ಹೊಂದುತ್ತದೆಂದು. ಮಂಗಳೂರಿನ ಮಾತು ಬಿಟ್ಟು ಬಾನುಲಿಯ ಕನ್ನಡದಲ್ಲಿ ಅದನ್ನು ಕಟ್ಟಿಕೊಂಡರು. "ಅದು ಮಾರಿಕುಪ್ಪಂನಿಂದ ಹೊರಟ ಬೆಳಗಿನ ಗಾಡಿ. ಜ್ಞಾನಪ್ರಕಾಶ್ ಕಿಟಕಿಯ ಪಕ್ಕ ಕೂತಿದ್ದರು. ಟ್ರಾಂಬೋನ್ ಚೀಲದಲ್ಲಿತ್ತು. ಬಾಯಿಗಿಡುವ ಹಿತ್ತಾಳೆಯ ತುಂಡು ಮಾತ್ರ ಕೈಯಲ್ಲಿತ್ತು." ಇಲ್ಲಿ ಉಸಿರು. "ಗಾಲಿಗಳ ಸದ್ದಿಗೆ ಸರಿಯಾಗಿ ಅದನ್ನೇ ಊದಿದರು." ಮೊದಮೊದಲು ನಾಲಗೆ ಹಟ ಮಾಡಿತು. ಅಂದು ಗಾಡಿಯಲ್ಲಿ ಕಡಲೆಕಾಯಿ ಮಾರುವವನೊಬ್ಬ ತಾಳ ಹಾಕಿದ್ದು ನೆನಪಾಗಿ ತಾನಾಗಿಯೇ ಬಾಯಿಗೆ ಬರುತ್ತಿತ್ತು. ಅದನ್ನು ಕಚ್ಚಿ ನುಂಗಿದರು. ಸಾವಿನ ಮನೆ ನುಗ್ಗಿ ಬರುತ್ತಿತ್ತು, ಅದನ್ನೂ ತಳ್ಳಿದರು. ತಂಡದಲ್ಲಿ ಸತ್ತವರೆಲ್ಲ ಸೇರಿ "ತಂಗಳು! ತಂಗಳು!" ಎಂದು ಕಿವಿಯಲ್ಲಿ ಕೂಗಿದ ಹಾಗಾಗಿ ಒಂದೆರಡು ದಿನ ಅಭ್ಯಾಸ ನಿಲ್ಲಿಸಿದರು. ಸೆಲಿನ್‌ಳ ಒಡೆದ ದನಿ ನೆನಪಾಗಿ ಮತ್ತೆ ಶುರು ಮಾಡಿದರು. ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಗುತ್ತಿತ್ತು, ಆದರೂ ಬಿಡಲಿಲ್ಲ.

ಆ ವರ್ಷ ಅವರು ಏಳು ಸಲ ಬಾನುಲಿಗೆ ಹೋಗಿ ಅದನ್ನು ಒಪ್ಪಿಸಿದರು. ಏಳನೆಯ ಸಲ ಪೆಟ್ಟಿಗೆಯ ಮಾತು ಬದಲಾಯಿತು.

"ಗಟ್ಟಿ" ಎಂದಿತು. "ರಚನಕಾರ, ಜ್ಞಾನಪ್ರಕಾಶ."

ನಿಹಾರಿಕಾ ಮೈಕಿನ ಮುಂದೆಯೇ ಕಣ್ಣೀರು ಹಾಕಿದಳು. ಅವಳಿಗೆ ಅದು ಬೇಕೆಂದಾಗ ಬರುತ್ತಿತ್ತು. ವರ್ಷದ ಹಿಂದೆ ಅರಳುಮರಳೆಂದವರು ಈಗ ಸತ್ಯಕ್ಕೆ ಜಯವಾಯಿತೆಂದು ಬರೆದರು. ಪ್ರಣೀತ್ ವಿಜ್ಞಾನದ ವಿನಯದ ಬಗ್ಗೆ ಒಂದು ಉಪನ್ಯಾಸ ಕೊಟ್ಟ. ಭಂಡಾರದಿಂದ ರೂಬೆನ್‌ನ ಹದಿನಾರು ಸಂದರ್ಶನಗಳೂ ಐರೀನ್ ಅವರ ಮೂವತ್ತೈದು ವರ್ಷಗಳ ಜಾಳು ಮಾತುಗಳೂ ನಿಯಮದ ಪ್ರಕಾರ ಅಳಿಸಿಹೋದವು. ಮಾರಿಕುಪ್ಪಂ ನಿಲ್ದಾಣದಲ್ಲಿ ಜ್ಞಾನಪ್ರಕಾಶನ ಹೆಸರನ್ನೂ ಐರೀನ್ ಹೇಳಿದ ಗಟ್ಟಿ ಮಾತುಗಳನ್ನೂ ಕೆತ್ತಿದ ಕಲ್ಲು ನಿಂತಿತು.

ಕಲ್ಲು ನಿಲ್ಲಿಸಿದ ಮರುವಾರ ಸೆಲಿನ್ ಕಾಕ್ಸ್ ಟೌನಿಗೆ ಬಂದಳು. ಬಿರಿಯಾನಿ ಮಾಡಿ ಡಬ್ಬಿಯಲ್ಲಿ ತಂದಿದ್ದಳು. ಉಂಡ ಮೇಲೆ ಐರೀನ್ ಅವರ ಕಾಲ ಬಳಿ ಚಾಪೆಯ ಮೇಲೆ ಕೂತಳು.

"ಆಂಟಿ, ಒಂದು ಕೇಳ್ಲಾ? ರೇಡಿಯೋದಲ್ಲಿ ಹೇಳಿದ್ದು ಆಯ್ತು. ಈಗ ನನಗೆ ಹೇಳಿ. ಅಪ್ಪ ಹೆಂಗಿದ್ರು? ನಾನು ನೋಡೇ ಇಲ್ಲ ಅಲ್ವಾ. ಆ ಪಾಟು, ಆ ರೈಲಿನ ಹಾಡು, ಮಾಡಿದಾಗ ನಗ್ತಿದ್ರಾ, ಸಿಡುಕ್ತಿದ್ರಾ, ಏನಾದ್ರೂ ಹೇಳಿ. ಏನಾದ್ರೂ ಪರ್ವಾಗಿಲ್ಲ."

ಐರೀನ್ ಅವಳ ತಲೆ ಸವರಿದರು. ಬಾಯಿ ತೆರೆದರು.

"ಅದು ಮಾರಿಕುಪ್ಪಂನಿಂದ ಹೊರಟ ಬೆಳಗಿನ ಗಾಡಿ," ಎಂದರು. "ಜ್ಞಾನಪ್ರಕಾಶ್ ಕಿಟಕಿಯ ಪಕ್ಕ ಕೂತಿದ್ದರು."

ಅಲ್ಲಿಗೆ ನಿಂತರು. ಮಗಳ ಎದುರು ಅವನನ್ನು ಪೂರ್ತಿ ಹೆಸರು ಹಿಡಿದು, ಬಹುವಚನದಲ್ಲಿ ಕರೆದದ್ದು ಅವರಿಗೇ ವಿಚಿತ್ರವೆನಿಸಿತು. ಅವರು ಅವನನ್ನು ಎಂದೂ ಹಾಗೆ ಕರೆದವರಲ್ಲ. ಬೇರೆ ಏನಾದರೂ ಹೇಳೋಣವೆಂದು ಹುಡುಕಿದರು. ಸಾವಿನ ಮನೆಯೊಂದಿತ್ತು. ಇತ್ತೆಂಬುದು ಗೊತ್ತಿತ್ತು, ಆದರೆ ಯಾರು ಸತ್ತಿದ್ದರು, ಅವನು ಎಲ್ಲಿ ನಿಂತಿದ್ದ, ಒಂದೂ ಕಾಣಿಸಲಿಲ್ಲ. ಅಡುಗೆಮನೆ ಇತ್ತು, ಅದರಲ್ಲಿ ಅವನಿರಲಿಲ್ಲ. ರೈಲಿನೊಳಗೆ ಕೂಡ ಕಿಟಕಿ, ಚೀಲ, ಹಿತ್ತಾಳೆಯ ತುಂಡು, ಇಷ್ಟೇ. ಅವನು ನಗುತ್ತಿದ್ದನೇ? ಆ ವಾಕ್ಯಗಳಲ್ಲಿ ನಗು ಇರಲಿಲ್ಲ. ಒಂದು ವರ್ಷ ಕಚ್ಚಿ ಕಚ್ಚಿ ನುಂಗಿದ್ದು ಈಗ ಕರೆದರೂ ಮೇಲೆ ಬರಲಿಲ್ಲ.

"ಟ್ರಾಂಬೋನ್ ಚೀಲದಲ್ಲಿತ್ತು," ಎಂದರು ಐರೀನ್. ಉಸಿರು ಅದೇ ಜಾಗದಲ್ಲಿ ಬಂತು. ಅವರ ಕಣ್ಣಿಂದ ನೀರಿಳಿಯತೊಡಗಿತು. "ನಂಗೆ ಬೇರೆ ಎಂತದೂ ಬರುದಿಲ್ಲ ಮಗಾ. ಇಷ್ಟೇ ಬರುದು."

"ಪರ್ವಾಗಿಲ್ಲ ಆಂಟಿ," ಎಂದಳು ಸೆಲಿನ್, ಏನೂ ಅರ್ಥವಾಗದೆ. "ಅದನ್ನೇ ಹೇಳಿ."

ಹೇಳಿದರು. ಕಲ್ಲಿನ ಮೇಲೆ ಕೆತ್ತಿದ್ದನ್ನೇ ಸೆಲಿನ್ ಇನ್ನೊಮ್ಮೆ ಪೂರ್ತಿ ಕೇಳಿ, ಸಂಜೆಯ ಗಾಡಿಗೆ ಊರಿಗೆ ಹೋದಳು.

ಇಂಥ ಯಂತ್ರ ಬರಲು ಇನ್ನೂ ಕೆಲವು ದಶಕ ಬೇಕು ಎಂದು ಓದುಗರು ನೆಮ್ಮದಿಯಿಂದ ಕೂರಬಹುದು. ಪ್ರಣೀತನನ್ನು ಬೈಯುವುದೂ ಸುಲಭ. ಆದರೆ ಅವನು ಈ ಯಂತ್ರವನ್ನು ಎಲ್ಲಿಂದಲೋ ತಂದದ್ದಲ್ಲ, ನಮ್ಮ ಮನೆಗಳಲ್ಲಿ ಕೂತು ನಮ್ಮನ್ನು ನೋಡಿಯೇ ಕಲಿತದ್ದು. ಊಟಕ್ಕೆ ಕೂತಾಗ ಅಜ್ಜಿ ತನ್ನ ಮದುವೆಯ ಕತೆಯನ್ನು ಮತ್ತೆ ಶುರು ಮಾಡುತ್ತಾಳೆ, ಈ ಸಲ ಅದರೊಳಗೆ ಹಿಂದೆಂದೂ ಬಾರದ ಒಂದು ಕೆಂಪು ಕೊಡೆ ಬರುತ್ತದೆ. ತಟ್ಟೆಯಿಂದ ತಲೆ ಎತ್ತಿ, "ಹೋದ ಸಲ ಕೊಡೆ ಇರಲಿಲ್ಲವಲ್ಲ ಅಜ್ಜಿ" ಎಂದು ನಗುವವರು ನಾವು. ಅವಳು ಸಾರು ಬಡಿಸಿಕೊಳ್ಳುತ್ತಾಳೆ. ಮುಂದಿನ ಸಲ ಕೊಡೆಯನ್ನು ಬಿಟ್ಟು ಹೇಳುತ್ತಾಳೆ.